ಬಡಿಸಿದ್ದು ನಾನು

ನಾನು ಹುಟ್ಟಾ ಪುಕ್ಕಲು. ಕಾಲೇಜಿನ ಜಗಲಿಯಲ್ಲಿ ಪ್ರಾಂಶುಪಾಲರ ಚಪ್ಪಲಿಯ ಸದ್ದು ಕೇಳಿದರೆ ಸಾಕು, ಮಾಡದ ತಪ್ಪುಗಳನ್ನೆಲ್ಲ ನೆನಪು ಮಾಡಿಕೊಂಡು ನಿಲ್ಲುವವಳು. ಅಂಥವಳ ತಲೆಗೆ ಪುತ್ತೂರಿನ ನಮ್ಮ ಕಾಲೇಜು ಎಚ್‌ಐವಿ ತಡೆಯುವ ಬಗ್ಗೆ ಊರೂರಿಗೆ ಹೋಗಿ ತಿಳಿಹೇಳುವ ಕೆಲಸವನ್ನು ಕಟ್ಟಿತು. ಸಮಾಜಕಾರ್ಯದ ಸ್ನಾತಕೋತ್ತರ ತರಗತಿಯ ವಿದ್ಯಾರ್ಥಿಗಳನ್ನು ಕರೆದುಕೊಂಡು ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ತಿರುಗಬೇಕು. ಅವರಿಗೆ ಅದು ಕ್ಷೇತ್ರಕಾರ್ಯ. ನನಗೆ ಏನೆಂದು ಯಾರೂ ಹೇಳಲಿಲ್ಲ. ನಾನು ಅತಿಥಿ ಉಪನ್ಯಾಸಕಿ. ಅತಿಥಿಯನ್ನು ಯಾವಾಗ ಬೇಕಾದರೂ ಎಬ್ಬಿಸಿ ಕಳಿಸಬಹುದು. ಆಗುವುದಿಲ್ಲ ಎನ್ನಲು ಧೈರ್ಯ ಸಾಲದೆ ಆಗಲಿ ಎಂದೆ.

ಮೊದಲೇ ಒಂದು ಮಾತು. ಇಲ್ಲಿ ಬರುವ ಒಬ್ಬ ಅಕ್ಕನ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಅವರು ಈಗ ಆ ಊರಿನಲ್ಲಿಲ್ಲ. ಅದು ಯಾವ ಊರು, ಯಾವ ಶಾಲೆ ಎಂದು ಹೇಳುವುದಿಲ್ಲ, ಒಂದೆರಡು ಗುರುತುಗಳನ್ನು ಬೇಕೆಂದೇ ಬದಲಿಸಿದ್ದೇನೆ. ಹುಡುಕಿಕೊಂಡು ಹೊರಟವರು ದಾರಿ ತಪ್ಪಲಿ.

ಮೊದಲ ಕಾರ್ಯಕ್ರಮ ಕುಂಬ್ರದಲ್ಲಿ ಇಟ್ಟುಕೊಂಡೆವು. ಸ್ವಸಹಾಯ ಸಂಘದ ಹೆಂಗಸರು, ಹಿಂದಿನ ಸಾಲಿನಲ್ಲಿ ಒಂದಷ್ಟು ಗಂಡಸರು. ಗೋಡೆಯ ಮೇಲೆ ಚಿತ್ರ ತೋರಿಸಿ ವಿವರಿಸಬೇಕಾದವಳು ಕುಂಬ್ರದ್ದೇ ಒಬ್ಬ ಹುಡುಗಿ. ಸೋಂಕು ಹರಡುವ ನಾಲ್ಕು ದಾರಿಗಳನ್ನು ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಎದ್ದು ನಿಂತು ನೋಡಿದರೆ ಮುಂದಿನ ಸಾಲಿನಲ್ಲಿ ಅವಳ ಚಿಕ್ಕಮ್ಮ! ಅಸುರಕ್ಷಿತ ಲೈಂಗಿಕ ಸಂಪರ್ಕವನ್ನು ಹಾರಿಸಿ ನೇರವಾಗಿ ರಕ್ತ ಕೊಡುವ ವಿಚಾರಕ್ಕೆ ಜಿಗಿದಳು. ಹೆಂಗಸರು ನೆಲ ನೋಡುತ್ತ ಕೂತರು. ಗಂಡಸರು ಈಗ ಬಂದೆವು ಎಂದು ಅಂಗಡಿಯ ಕಡೆ ಹೋದವರು ಬರಲೇ ಇಲ್ಲ. ಹೆಸರು ಹಾಕದೆ ಪ್ರಶ್ನೆ ಬರೆದು ಹಾಕಲು ಇಟ್ಟ ಡಬ್ಬದಲ್ಲಿ ಒಂದೇ ಚೀಟಿ ಇತ್ತು: ಚಹಾ ಯಾವಾಗ?

ವಾಪಸು ಬರುವ ಬಸ್ಸಿನಲ್ಲಿ ಸುಳ್ಯದ ಹುಡುಗನೊಬ್ಬ ನನ್ನ ಹಿಂದಿನ ಸೀಟಿನಿಂದ ತಲೆ ಮುಂದೆ ಹಾಕಿದ. ಮನೆಯಲ್ಲಿ ಅರೆಭಾಷೆ ಮಾತಾಡುವ ಕೃಷಿಕರ ಮಗ, ತರಗತಿಯಲ್ಲಿ ನನ್ನನ್ನು ಪ್ರಶ್ನೆ ಕೇಳಿಯೇ ಸುಸ್ತು ಮಾಡುವವನು.

"ಮೇಡಂ, ಇದು ಹೀಗೆ ಆಗ್ಲಿಕ್ಕಿಲ್ಲ. ತಾಳಮದ್ದಳೆ ಮಾಡುವ."

ಹೊರಗಿನವರಿಗೆ ಇಷ್ಟು ಹೇಳಿದರೆ ಸಾಕು: ತಾಳಮದ್ದಳೆಯೆಂದರೆ ವೇಷ, ಕುಣಿತ ಇಲ್ಲದ ಯಕ್ಷಗಾನ. ಭಾಗವತರು ಒಂದು ಪದ್ಯ ಹಾಡುತ್ತಾರೆ, ಅಂಗಿ ಪಂಚೆಯಲ್ಲಿ ಎದುರುಬದುರು ಕೂತ ಅರ್ಥಧಾರಿಗಳು ಆ ಪದ್ಯವನ್ನು ಹಿಡಿದು ವಾದಕ್ಕಿಳಿಯುತ್ತಾರೆ. ಬರೆದಿಟ್ಟುಕೊಂಡ ಮಾತಿಲ್ಲ, ಎಲ್ಲ ಅಲ್ಲಿಯೇ ಹುಟ್ಟಬೇಕು. ಇಂಗ್ಲಿಷ್ ಪದ ಬಾಯಿಗೆ ಬಂದರೆ ಮರ್ಯಾದೆ ಹೋಯಿತು. ಎದುರಾಳಿಯ ಪ್ರಶ್ನೆಗೆ ಉತ್ತರ ಕೊಡದೆ ಸುಮ್ಮನೆ ಕೂತರೆ ಅದಕ್ಕಿಂತ ದೊಡ್ಡ ಸೋಲು ಬೇರೆ ಇಲ್ಲ. ನಮ್ಮ ಕಡೆಯ ಜನ ಊಟ ಬಿಟ್ಟಾದರೂ ಕೂತು ಕೇಳುತ್ತಾರೆ. ಸುಳ್ಯದ ಹುಡುಗ ಹೈಸ್ಕೂಲಿನಿಂದ ಅರ್ಥ ಹೇಳಿದವನು, ಕುಂಬ್ರದ ಹುಡುಗಿಗೆ ಭಾಗವತಿಕೆ ಬರುತ್ತಿತ್ತು. ಚಿಕ್ಕಮ್ಮನ ಎದುರು ಮಾತಾಡಲು ನಾಚುವವಳು ಹಾಡಲು ನಾಚುತ್ತಿರಲಿಲ್ಲ.

ಅವರು ಮೊದಲು ಕಟ್ಟಿದ ಪ್ರಸಂಗದ ಹೆಸರು 'ಏಡ್ಸಾಸುರ ವಧೆ'. ನನಗೆ ಭಾರೀ ಖುಷಿಯಾಯಿತು. ಅದನ್ನು ಸರಕಾರಿ ಪರೀಕ್ಷಾ ಕೇಂದ್ರವೊಂದರ ಆಪ್ತ ಸಲಹೆಗಾರ್ತಿಗೆ ತೋರಿಸಿದೆವು. ಪರೀಕ್ಷೆಗೆ ಬಂದವರ ಎದುರು ಕೂತು ಧೈರ್ಯ ಹೇಳುವುದು, ಫಲಿತಾಂಶ ತಿಳಿಸುವುದು, ಚಿಕಿತ್ಸೆಗೆ ಸೇರಿಸುವುದು ಅವರ ಕೆಲಸ. ಸ್ವಭಾವ ಸ್ವಲ್ಪ ಖಾರ.

"ಈ ಅಸುರ ಇರುದು ಎಲ್ಲಿ ಮಾರಾಯ್ರೆ? ಮರದ ಮೇಲೆಯಾ?" ಎಂದು ಕೇಳಿದರು. "ಸೋಂಕು ಇದ್ದವರ ಮೈಯಲ್ಲಿ ಅಲ್ವಾ? ನೀವು ವಧೆ ಅಂತ ಹೇಳಿ ಹೋದ ಮೇಲೆ ಊರಿನವರು ಕತ್ತಿ ಹಿಡ್ಕೊಂಡು ಯಾರ ಮನೆಗೆ ಹೋಗುದು?"

ಅಸುರ ಅಲ್ಲಿಗೆ ಸತ್ತ. 'ಸಂಶಯ' ಮತ್ತು 'ತಿಳಿವು' ಎಂಬ ಎರಡು ಪಾತ್ರಗಳು ಹುಟ್ಟಿಕೊಂಡವು. ಸಂಶಯ ಊರಿನ ಭಯಗಳನ್ನೆಲ್ಲ ಕೇಳಬೇಕು, ತಿಳಿವು ಉತ್ತರಿಸಬೇಕು. ಕಾಂಡೋಮಿಗೆ ಏನು ಹೇಳುವುದೆಂದು ಎರಡು ದಿನ ತಲೆ ಕೆಡಿಸಿಕೊಂಡು ಕೊನೆಗೆ 'ಕವಚ' ಎಂದಾಯಿತು.

ಸಲಹೆಗಾರ್ತಿ ಇನ್ನೂ ಒಂದು ಕೆಲಸ ಮಾಡಿದರು. ಎಚ್‌ಐವಿ ಸೋಂಕಿನೊಂದಿಗೆ ಬದುಕುತ್ತಿರುವ ಒಬ್ಬ ಅಕ್ಕನನ್ನು ನಮ್ಮ ತರಗತಿಗೆ ಕರೆತಂದರು. ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ, ಕೆಲಸ ಹೇಳಲಿಲ್ಲ. ಒಗೆದು ಮಡಚಿಟ್ಟ ಹತ್ತಿ ಸೀರೆ, ಮೆಲು ದನಿ. ಗಂಡ ತೀರಿಹೋದದ್ದು, ತನಗೆ ಸೋಂಕು ಇರುವುದು ತಿಳಿದದ್ದು, ದಿನಾ ತಪ್ಪದೆ ಮಾತ್ರೆ ನುಂಗಿ ಈಗ ರಕ್ತದಲ್ಲಿ ವೈರಸ್ಸು ಲೆಕ್ಕಕ್ಕೆ ಸಿಕ್ಕದಷ್ಟು ಇಳಿದಿರುವುದು, ಎಲ್ಲವನ್ನೂ ಬೇರೆ ಯಾರದ್ದೋ ಕಥೆಯ ಹಾಗೆ ಹೇಳಿದರು. ಮಗಳ ಮಾತು ಬಂದಾಗ ಮಾತ್ರ ಅದು ಅವರದ್ದೇ ಕಥೆಯಾಯಿತು.

"ಅವಳಿಗೆ ಕ್ಯಾಲ್ಸಿಯಂ ಮಾತ್ರೆ ಅಂತ ಹೇಳಿದ್ದೇನೆ. ಅವಳಿಗೆ ಗೊತ್ತಿಲ್ಲ, ಊರಿಗೆ ಗೊತ್ತಿಲ್ಲ. ಗೊತ್ತಾದ್ರೆ ನನ್ನ ಕೆಲಸ ಹೋಗ್ತದೆ. ಅದು ಹೋಗ್ಲಿ, ಶಾಲೆಯಲ್ಲಿ ಅವಳ ಹತ್ರ ಯಾರು ಕೂರ್ತಾರೆ?"

ಅವರು ಹೋದ ಮೇಲೆ ಸಲಹೆಗಾರ್ತಿ ವಿದ್ಯಾರ್ಥಿಗಳಿಂದ ಒಂದು ನಿಯಮವನ್ನು ಬಾಯಿಬಿಟ್ಟು ಹೇಳಿಸಿದರು. ಒಬ್ಬರಿಗೆ ಸೋಂಕು ಇದೆ ಎಂದು ಹೇಳುವ ಹಕ್ಕು ಅವರದ್ದು ಮಾತ್ರ. ಬೇರೆಯವರು ಬಂದು ಕೇಳಿದರೆ ಹೌದು ಎನ್ನಬಾರದು, ಇಲ್ಲ ಎಂದೂ ಎನ್ನಬಾರದು.

"ಇಲ್ಲದಿದ್ದವರಿಗೆ ಇಲ್ಲ ಅಂದ್ರೆ ಎಂತ ತೊಂದರೆ?" ಎಂದ ಸುಳ್ಯದ ಹುಡುಗ. ಪ್ರಶ್ನೆ ಕೇಳದಿದ್ದರೆ ಅವನಿಗೆ ಅನ್ನ ಇಳಿಯುವುದಿಲ್ಲ.

"ಮೂರು ಜನರಲ್ಲಿ ಇಬ್ಬರಿಗೆ ಇಲ್ಲ ಅಂತ ಹೇಳಿ, ಮೂರನೆಯವರ ಹತ್ರ ಬಂದಾಗ ಸುಮ್ಮನೆ ಕೂತ್ಕೊಳ್ಳಿ. ನೀವು ಎಂತ ಹೇಳಿದ ಹಾಗೆ ಆಯ್ತು?"

ಅವನು ತಲೆಯಾಡಿಸಿ ಕೂತ. ನನಗೂ ಆ ಮಾತು ಚೆನ್ನಾಗಿದೆ ಅನ್ನಿಸಿತು, ಅಷ್ಟೇ.

ತಾಳಮದ್ದಳೆ ಗೆದ್ದಿತು. ಕೊಯಿಲದಲ್ಲಿ ಪ್ರಶ್ನೆಯ ಡಬ್ಬ ಮುಚ್ಚಳ ಹಾಕಲಾಗದಷ್ಟು ತುಂಬಿತು. ಸೊಳ್ಳೆ ಕಚ್ಚಿದರೆ ಬರುತ್ತದಾ? ಅಡಿಕೆ ಸುಲಿಯುವ ಕತ್ತಿ ಒಬ್ಬನ ಕೈ ಕೊಯ್ದು ಆಮೇಲೆ ಇನ್ನೊಬ್ಬನದ್ದೂ ಕೊಯ್ದರೆ? ದನಗಳಿಗೆ ಚುಚ್ಚುವ ಸೂಜಿ ನಮಗೆ ತಾಗಿದರೆ? ಈ ಕೊನೆಯದು ಕೊಯಿಲದಂಥ ಸರಕಾರಿ ದನದ ಫಾರ್ಮಿನ ಊರಿನಲ್ಲಿ ಬಿಟ್ಟು ಬೇರೆಲ್ಲಿಯೂ ಹುಟ್ಟದ ಪ್ರಶ್ನೆ. ಕವಚದ ಮಾತು ಬಂದಾಗ ಸಂಶಯನ ಪಾತ್ರದವನು "ಕರ್ಣನು ಕವಚವನ್ನು ದಾನ ಮಾಡಿ ಕೆಟ್ಟನಷ್ಟೆ!" ಎಂದ. "ಅದಕ್ಕೇ ಹೇಳುವುದು, ಯಾರು ಬೇಡಿದರೂ ತೆಗೆಯಬೇಡ" ಎಂದ ತಿಳಿವಿನ ಪಾತ್ರದ ಸುಳ್ಯದ ಹುಡುಗ. ಸೆರಗು ಬಾಯಿಗೆ ಹಿಡಿದು ನಕ್ಕ ಹೆಂಗಸರನ್ನು ನೋಡಿ ನನ್ನ ಹೆದರಿಕೆ ಅರ್ಧ ಇಳಿಯಿತು. ಇಳಿಯಬಾರದಿತ್ತು.

ಮುಂದಿನದ್ದು ರಾಮಕುಂಜದಿಂದಾಚೆ ಒಂದು ಹಳ್ಳಿಯ ಶಾಲೆ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಕಾರ್ಯಕ್ರಮ; ನಮಗೆಲ್ಲ ಊಟ ಶಾಲೆಯ ಬಿಸಿಯೂಟದ ಅಡುಗೆಯವರದ್ದೇ. ಮಕ್ಕಳ ಊಟ ಮುಗಿದಿತ್ತು. ವಿದ್ಯಾರ್ಥಿಗಳು ತಟ್ಟೆ ಹಿಡಿದು ಜಗಲಿಯಲ್ಲಿ ಸಾಲಾಗಿ ನಿಂತಿದ್ದರು. ನಾನು ಕೈತೊಳೆದು ಬಂದು ನೋಡಿದರೆ ಅನ್ನದ ಪಾತ್ರೆಯ ಹಿಂದೆ ಸೌಟು ಹಿಡಿದು ನಿಂತದ್ದು ಆ ಅಕ್ಕ.

ಸುಳ್ಯದ ಹುಡುಗ ಅವರ ಮುಂದೆ ತಟ್ಟೆ ಚಾಚಿ, ಮುಖ ನೋಡಿ, ಹಾಗೆಯೇ ನಿಂತುಬಿಟ್ಟಿದ್ದ. ಅವರಿಗೂ ಗುರುತು ಸಿಕ್ಕಿತ್ತು. ಆದರೆ ರೆಪ್ಪೆ ಕೂಡ ಅಲುಗಿಸದೆ ಅನ್ನ ಹಾಕಿ, "ಇನ್ನು ಸ್ವಲ್ಪ ಹಾಕುದಾ?" ಎಂದು ಕೇಳಿದರು. ಅವನು ಹೂಂ ಎಂದ. ಅವನ ಹಿಂದೆ ನಿಂತ ಕುಂಬ್ರದ ಹುಡುಗಿಯ ಬಾಯಿ ತೆರೆದುಕೊಂಡಿತ್ತು. ಪಕ್ಕದಲ್ಲೇ ಸಾರು, ಪಲ್ಯ ಬಡಿಸುವ ಇನ್ನಿಬ್ಬರು ಅಡುಗೆಯವರು, ಸುತ್ತ ಊರಿನ ಹಿರಿಯರು. ಇವರು ಹೀಗೆ ನೋಡುತ್ತ ನಿಂತರೆ ಯಾರಿಗಾದರೂ ಅನುಮಾನ ಬರದೆ ಇದ್ದೀತೇ? ಏನು ಮಾಡಬೇಕೆಂದು ತಿಳಿಯದೆ ನಾನು ಹೋಗಿ, "ನೀವು ಬಿಡಿ ಅಕ್ಕ, ನಮ್ಮ ಮಕ್ಕಳಿಗೆ ನಾನೇ ಬಡಿಸ್ತೇನೆ" ಎಂದು ಅವರ ಕೈಯಿಂದ ಸೌಟು ಕಿತ್ತುಕೊಂಡೆ. ಅವರು ಒಳಗೆ ಹೋದರು. ಉಳಿದವರಿಗೆಲ್ಲ ನಾನೇ ಬಡಿಸಿದೆ. ಆ ಹುಡುಗನಿಗೂ ಎರಡನೆಯ ಸಲ ಅನ್ನ ಹಾಕಿದ್ದು ನಾನೇ. ಮೇಡಂ ಎಷ್ಟು ಸಾದಾ ಎಂದು ಊರಿನವರು ಹೊಗಳಿದರು.

ಊಟವಾದ ಮೇಲೆ ವಿದ್ಯಾರ್ಥಿಗಳನ್ನು ಬಾವಿಕಟ್ಟೆಯ ಹತ್ತಿರ ಕರೆದು, ನೋಡಿದ್ದನ್ನು ನೋಡಲಿಲ್ಲ ಎಂದೇ ಇರಬೇಕು ಎಂದೆ. "ಗೊತ್ತುಂಟು ಮೇಡಂ" ಎಂದರು ಎಲ್ಲರೂ. ಸುಳ್ಯದ ಹುಡುಗ ನನಗೇ ಧೈರ್ಯ ಹೇಳಿದ. ತರಗತಿಗೆ ಅಕ್ಕನನ್ನು ಕರೆಸುವಾಗ ಅವರ ಊರನ್ನು ಸಲಹೆಗಾರ್ತಿ ನಮಗೆ ಹೇಳಿರಲಿಲ್ಲ. ಹೇಳುವ ಹಾಗೂ ಇರಲಿಲ್ಲ. ಯಾರ ತಪ್ಪೂ ಇಲ್ಲದೆ ನಾವು ಸರಿಯಾಗಿ ಅಲ್ಲಿಗೇ ಬಂದು ಬಿದ್ದಿದ್ದೆವು.

ನಮ್ಮಲ್ಲಿ ಒಂದು ಪದ್ಧತಿ ಉಂಟು. ಹೊರಗಿನ ತಂಡ ತಾಳಮದ್ದಳೆಗೆ ಬಂದರೆ ಊರಿನ ಒಬ್ಬ ಅರ್ಥಧಾರಿಗೂ ಒಂದು ಪಾತ್ರ ಬಿಟ್ಟುಕೊಡಬೇಕು. ಅದು ಮರ್ಯಾದೆ. ಆ ಊರಿನಲ್ಲಿ ಒಬ್ಬರು ನಿವೃತ್ತ ಮಾಸ್ಟ್ರು ಇದ್ದರು, ಸುತ್ತಮುತ್ತ ಹೆಸರು ಮಾಡಿದ ಮಾತುಗಾರರು. ಅವರಿಗೆ ಸಂಶಯನ ಪಾತ್ರ ಕೊಟ್ಟೆವು. ಜರಿ ಶಾಲು ಕೊಡವಿ ಕೂತವರೇ ನಮ್ಮ ಹುಡುಗನನ್ನು ಬೆಕ್ಕು ಇಲಿಯನ್ನು ನೋಡುವ ಹಾಗೆ ನೋಡಿ ನಕ್ಕರು.

ಅರ್ಧ ಗಂಟೆ ಬಲು ಸೊಗಸಾಗಿ ನಡೆಯಿತು. ಸೂಜಿ, ಬ್ಲೇಡು, ಬಸುರಿ ಹೆಂಗಸಿನ ಪರೀಕ್ಷೆ, ಕವಚ, ಒಂದಾದ ಮೇಲೊಂದು ಬಂದವು, ನಮ್ಮ ಹುಡುಗ ಒಂದನ್ನೂ ಬಿಡಲಿಲ್ಲ. ಊರಿನವರು ತಲೆದೂಗಿದರು. ಮಾಸ್ಟ್ರಿಗೆ ಅದು ಹಿಡಿಸಲಿಲ್ಲ ಎಂದು ಕಾಣುತ್ತದೆ. ಅವರು ಮುಂದಕ್ಕೆ ಬಾಗಿ ದನಿ ಎತ್ತರಿಸಿದರು.

"ಎಲೈ ತಿಳಿವೇ! ಜೊತೆಯಲ್ಲಿ ಉಂಡರೆ ಬಾರದು, ಮುಟ್ಟಿದರೆ ಬಾರದು ಎಂದೆ. ಎಲ್ಲವೂ ಗ್ರಂಥದ ಮಾತು! ಅಂಥವರ ಕೈಯ ಒಂದು ತುತ್ತನ್ನಾದರೂ ನೀನು ಉಂಡದ್ದುಂಟೋ? ಉಣ್ಣದವನಿಗೆ ಈ ಸಭೆಯ ತಾಯಂದಿರಿಗೆ ಉಪದೇಶ ಮಾಡುವ ಅಧಿಕಾರವೆಲ್ಲಿಯದು? ಉತ್ತರಿಸು! ಇಲ್ಲವೇ ಸೋತೆನೆಂದು ಏಳು!"

ಹುಡುಗನ ಕುತ್ತಿಗೆಯ ನರ ಉಬ್ಬಿತು. ನಾನು ಹಿಂದಿನ ಬೆಂಚಿನಲ್ಲಿದ್ದೆ. ಬೇಡ, ಬೇಡ ಎಂದು ಕೈಯಾಡಿಸಿದೆ. ಅವನು ನನ್ನ ಕಡೆ ನೋಡಲಿಲ್ಲ.

"ಉಂಡಿದ್ದೇನೆ!" ಎಂದ. "ಎಂದೋ ಅಲ್ಲ, ಇಂದು! ಎಲ್ಲೋ ಅಲ್ಲ, ಇದೇ ಶಾಲೆಯ ಜಗಲಿಯಲ್ಲಿ! ಆ ಕೈ ಬಡಿಸಿದ ಅನ್ನ ಇನ್ನೂ ನನ್ನ ಹೊಟ್ಟೆಯಲ್ಲಿದೆ, ಸಂಶಯನೇ, ನಾನು ನಿನ್ನೆದುರು ಕೂತು ಮಾತಾಡುತ್ತಿದ್ದೇನೆ!"

ಒಂದಿಬ್ಬರು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಅವರಿಗೂ ಅರ್ಥವಾಯಿತು, ಚಪ್ಪಾಳೆ ನಡುವಿನಲ್ಲಿಯೇ ನಿಂತಿತು. ಹುಡುಗನಿಗೂ ತಾನು ಏನು ಹೇಳಿದೆನೆಂಬುದು ಆಗಲೇ ಹೊಳೆದಿರಬೇಕು. ಅವನ ಮುಖ ಬಿಳಿಚಿಕೊಂಡಿತು. ಕುಂಬ್ರದ ಹುಡುಗಿ ಮಾತು ತುಂಡರಿಸಲು ತಾಳ ಬಾರಿಸಿ ಬಾಯಿಗೆ ಬಂದ ಪದ್ಯ ಎತ್ತಿದಳು. ಮಾಸ್ಟ್ರು ಕೈಯೆತ್ತಿ ಅವಳನ್ನು ತಡೆದರು. ಆಮೇಲೆ ಅರ್ಥದ ಕನ್ನಡವನ್ನು ಬಿಟ್ಟು ಮನೆಯ ಕನ್ನಡಕ್ಕೆ ಇಳಿದರು. ನನಗೆ ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಆಟ ಮುಗಿದಿತ್ತು.

"ಎಂತ ಹೇಳಿದ್ದು ನೀನು? ಇವತ್ತಾ? ಇಲ್ಲಿಯಾ?"

ಹೆಂಗಸರ ಸಾಲಿನಲ್ಲಿ ಯಾರೋ ತುಳುವಿನಲ್ಲಿ "ಏರ್?" ಎಂದರು. ಯಾರು ಎಂದು ಕೇಳಿದ್ದು. ಆ ಒಂದು ಪದ ಸಾಲಿನಿಂದ ಸಾಲಿಗೆ ಹೋಯಿತು. ಒಬ್ಬೊಬ್ಬರೇ ತಲೆ ತಿರುಗಿಸಿ ಬಾಗಿಲ ಕಡೆ ನೋಡತೊಡಗಿದರು. ಅಲ್ಲಿ ಪಾತ್ರೆ ತೊಳೆದು ಮುಗಿಸಿದ ಮೂವರು ಅಡುಗೆಯವರು ಸೆರಗಿಗೆ ಕೈ ಒರೆಸುತ್ತ ನಿಂತಿದ್ದರು. ಇಬ್ಬರು ಪರಸ್ಪರ ಮುಖ ನೋಡಿಕೊಂಡರು. ನಮ್ಮ ಅಕ್ಕ ಯಾರನ್ನೂ ನೋಡದೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು.

ಆ ಹೊತ್ತಿನಲ್ಲಿ ನನಗೆ ಬಂದ ಮೊದಲ ಯೋಚನೆ, ಓಡಬೇಕು ಎಂಬುದು. ಬ್ಯಾಗು ಎಲ್ಲಿಟ್ಟಿದ್ದೇನೆ ಎಂದು ಕೂಡ ನೋಡಿದೆ. ಎರಡನೆಯದು, ಹುಡುಗ ಸುಮ್ಮನೆ ಮಾತಿನ ಭರದಲ್ಲಿ ಹೇಳಿದ್ದು ಎಂದುಬಿಡುವುದು. ಯಾರು ನಂಬುತ್ತಾರೆ, ಅವನ ಮುಖ ನೋಡಿದ ಮೇಲೆ? ಇಬ್ಬರು ಅಡುಗೆಯವರು ಈಗ ನನಗಿಲ್ಲ, ನನಗಿಲ್ಲ ಎನ್ನುತ್ತಾರೆ. ಮೂರನೆಯವರ ಹತ್ತಿರ ಬಂದಾಗ? ಸಲಹೆಗಾರ್ತಿ ತರಗತಿಯಲ್ಲಿ ಹೇಳಿದ ಲೆಕ್ಕ ಕಣ್ಣೆದುರೇ ನಡೆಯಲು ಹೊರಟಿತ್ತು. ಮಗಳು ಅದೇ ಶಾಲೆಯಲ್ಲಿ ಓದುತ್ತಾಳೋ ಏನೋ ಎಂದು ಹೊಳೆದದ್ದೇ ತಡ, ನಾನು ಎದ್ದು ನಿಂತಿದ್ದೆ.

"ಬಡಿಸಿದ್ದು ನಾನು" ಎಂದೆ.

ದನಿ ಹೊರಗೆ ಬಂದಿತೋ ಇಲ್ಲವೋ ಎಂದು ಗೊತ್ತಾಗದೆ ಇನ್ನೊಮ್ಮೆ ಹೇಳಿದೆ. "ಬಡಿಸಿದ್ದು ನಾನು. ನೀವೆಲ್ಲ ನೋಡಿದ್ದೀರಿ. ಸೌಟು ನನ್ನ ಕೈಯಲ್ಲಿ ಇತ್ತು."

ಅದು ಸುಳ್ಳಲ್ಲ. ಅದಕ್ಕಿಂತ ಒಂದು ಅಕ್ಷರ ಹೆಚ್ಚು ಹೇಳಲಿಲ್ಲ. ಉಳಿದದ್ದನ್ನು ಅವರವರೇ ಕೂಡಿಸಿಕೊಂಡರು. ತಲೆಗಳೆಲ್ಲ ಬಾಗಿಲಿನಿಂದ ನನ್ನ ಕಡೆ ತಿರುಗಿದವು, ನನ್ನ ಬೆಂಚಿನಲ್ಲಿ ಕೂತಿದ್ದ ಹೆಂಗಸು ಮಗುವನ್ನು ಎತ್ತಿ ಇನ್ನೊಂದು ಮಗ್ಗುಲಿಗೆ ಇಟ್ಟುಕೊಂಡಳು. ಅವಳನ್ನು ದೂರುವುದಿಲ್ಲ. ಮಾಸ್ಟ್ರು ಕುಂಬ್ರದ ಹುಡುಗಿಯ ಕಡೆ ತಿರುಗಿ "ಮಂಗಳ ಹಾಡಮ್ಮ" ಎಂದಷ್ಟೇ ಹೇಳಿದರು. ಹೊರಡುವಾಗ ನಮಗೆಲ್ಲ ಚಹಾ ಬಂತು. ವಿದ್ಯಾರ್ಥಿಗಳಿಗೆ ಸ್ಟೀಲಿನ ಲೋಟ, ನನಗೆ ಕಾಗದದ್ದು.

ಬಸ್ಸಿನಲ್ಲಿ ಸುಳ್ಯದ ಹುಡುಗ ಕಿಟಕಿಗೆ ಹಣೆ ಒತ್ತಿ ಅಳುತ್ತಿದ್ದ. ಬೈಯಲು ನನ್ನಲ್ಲಿ ಶಕ್ತಿ ಇರಲಿಲ್ಲ.

ಸುದ್ದಿ ನಮಗಿಂತ ಮೊದಲು ಪುತ್ತೂರಿಗೆ ತಲುಪಿತ್ತು. ಯಾರೋ ಮೊಬೈಲಿನಲ್ಲಿ ಹಿಡಿದ ವಿಡಿಯೊ ತುಣುಕು ಒಂದು ವಾಟ್ಸಾಪ್ ಗುಂಪಿನಿಂದ ಇನ್ನೊಂದಕ್ಕೆ ಹಾರಿತ್ತು. ಸೋಮವಾರ ಸಿಬ್ಬಂದಿ ಕೋಣೆಯಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿ ಉಳಿಯಿತು. ನೀರು ಕುಡಿಯಲು ಹೂಜಿಯ ಹತ್ತಿರ ಹೋದರೆ ಅಲ್ಲಿದ್ದವರು ಏನೋ ನೆನಪಾದ ಹಾಗೆ ಹೊರಗೆ ಹೋಗುತ್ತಿದ್ದರು. ಎಲ್ಲರೂ ಓದಿದವರು. ಸೋಂಕು ಹೇಗೆ ಬರುವುದಿಲ್ಲ ಎಂಬ ಭಿತ್ತಿಚಿತ್ರವನ್ನು ಆ ಕೋಣೆಯ ಗೋಡೆಗೆ ಅಂಟಿಸಿದ್ದೂ ಅವರೇ.

ನಮ್ಮ ಅತ್ತೆಗೆ ಕುಂಬ್ರದ ನೆಂಟರಿಂದ ಫೋನು ಬಂದಿತ್ತು. ಗಂಡನಿಗೆ ನಾನು ಶನಿವಾರವೇ, ಅಕ್ಕನ ಗುರುತು ಹೇಳದೆ, ನಡೆದದ್ದನ್ನು ತಿಳಿಸಿದ್ದೆ. ಅತ್ತೆಗೂ ಅಷ್ಟೇ ಹೇಳಿದೆ: ನನಗೆ ಕಾಯಿಲೆ ಇಲ್ಲ, ಆದರೆ ಇಲ್ಲ ಎಂದು ನೀವು ಯಾರಿಗೂ ಹೇಳಬಾರದು.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇದ್ದ ರೋಗವನ್ನು ಮುಚ್ಚಿಡುದು ಕೇಳಿದ್ದೇನೆ. ಇಲ್ಲದ್ದನ್ನು ಮುಚ್ಚಿಡುದು ಇದೇ ಮೊದಲು ಕಾಣುದು ಮಾರಾಯ್ತಿ! ನೆಂಟರಿಗೆ ನಾನು ಎಂತ ಹೇಳ್ಬೇಕು?"

"ಎಂತದೂ ಹೇಳ್ಬೇಡಿ ಅತ್ತೆ."

"ಎಂತದೂ ಹೇಳದೆ ಇರ್ಲಿಕ್ಕೆ ನನಗೆ ಆಗ್ತದಾ?" ಎಂದು ಅವರು ನಿಜವಾಗಿಯೇ ಸಂಕಟಪಟ್ಟರು. ಪಾಪ, ಅದು ಅವರಿಗೆ ದೊಡ್ಡ ಶಿಕ್ಷೆಯೇ. ಆದರೂ ಫೋನು ಬಂದಾಗಲೆಲ್ಲ "ರೇಂಜ್ ಇಲ್ಲ" ಎಂದು ಇಟ್ಟುಬಿಡುತ್ತಿದ್ದರು.

ಪ್ರಾಂಶುಪಾಲರು ಕರೆದರು. ಪೋಷಕರು ಫೋನು ಮಾಡುತ್ತಿದ್ದಾರೆ, ಕೆಲವರು ಮಕ್ಕಳನ್ನು ಈ ಕಾರ್ಯಕ್ರಮದಿಂದ ಬಿಡಿಸಿ ಎನ್ನುತ್ತಿದ್ದಾರೆ. ಅವರು ಕೆಟ್ಟವರಲ್ಲ. ಬಹಳ ಮೆತ್ತಗೆ ಮಾತಾಡಿದರು.

"ನೀವು ಒಂದು ಸಲ ಪರೀಕ್ಷೆ ಮಾಡಿಸಿ, ನೆಗೆಟಿವ್ ವರದಿ ತಂದುಕೊಡಿ ಮೇಡಂ. ನೋಟಿಸ್ ಬೋರ್ಡಿಗೆ ಹಾಕಿದ್ರೆ ಎಲ್ಲ ಮುಗೀತದೆ. ಮುಂದಿನ ಸೆಮಿಸ್ಟರಿನ ನೇಮಕವೂ ಬರ್ತಾ ಉಂಟು ನೋಡಿ."

ಎಷ್ಟು ಸುಲಭ! ಒಂದು ಹಾಳೆ ಹಾಕಿದರೆ ನನ್ನ ಲೋಟ, ನನ್ನ ಕುರ್ಚಿ, ನನ್ನ ಕೆಲಸ ಎಲ್ಲ ಮರಳಿ ಬರುತ್ತವೆ. ಆ ಹಾಳೆಯ ಚಿತ್ರ ಸಂಜೆಯೊಳಗೆ ಆ ಹಳ್ಳಿಯನ್ನು ಮುಟ್ಟುತ್ತದೆ. ಹಾಗಾದರೆ ಬಡಿಸಿದ ಆ ಕೈ ಯಾರದ್ದು ಎಂದು ಊರು ಮತ್ತೆ ಬಾಗಿಲ ಕಡೆ ತಿರುಗುತ್ತದೆ.

"ಸರ್, ಯಾರಿಗೂ ಪರೀಕ್ಷೆ ಮಾಡಿಸು ಅಂತ ಒತ್ತಾಯ ಮಾಡುವ ಹಾಗಿಲ್ಲ. ಫಲಿತಾಂಶ ಕೇಳುವ ಹಾಗೂ ಇಲ್ಲ. ಕಾನೂನು ಉಂಟು. ನಾವು ಅದನ್ನೇ ಮಕ್ಕಳಿಗೆ ಕಲಿಸುದು" ಎಂದೆ.

ಅವರ ಎದುರು ನಾನು ಇಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ಅವರಿಗೂ ಆಶ್ಚರ್ಯವಾಗಿರಬೇಕು. "ಯೋಚನೆ ಮಾಡಿ" ಎಂದರು. ಹೊರಗೆ ಬಂದವಳು ಹೆಂಗಸರ ಶೌಚಾಲಯಕ್ಕೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡೆ.

ಜಗಲಿಯಲ್ಲಿ ಸುಳ್ಯದ ಹುಡುಗ ಕಾಯುತ್ತಿದ್ದ. ಊರಿಗೆ ಹೋಗಿ ಎಲ್ಲರೆದುರು 'ಮೇಡಂಗೆ ಎಂತ ಇಲ್ಲ, ತಪ್ಪು ನನ್ನದು' ಎಂದು ಹೇಳಿ ಬರುತ್ತೇನೆ ಎಂದ. ಅವನ ಒಳ್ಳೆಯತನವೇ ನನಗೆ ಎಲ್ಲಕ್ಕಿಂತ ಅಪಾಯವಾಗಿ ಕಂಡಿತು.

"ನೀನು ಒಂದು ಮಾತು ಬಾಕಿ ಇಡ್ಲಿಕ್ಕೆ ಕಲಿ ಮಾರಾಯ" ಎಂದೆ. "ನಿನಗೆ ಶಿಕ್ಷೆ ಬೇಕಾ? ಇದೇ ಶಿಕ್ಷೆ. ಸುಮ್ಮನೆ ಇರು."

ಒಂದು ತಿಂಗಳು ಬಿಟ್ಟು ಅದೇ ಶಾಲೆಯಲ್ಲಿ ರಕ್ತ ಪರೀಕ್ಷೆಯ ಶಿಬಿರ ಇಟ್ಟುಕೊಳ್ಳುವುದೆಂದು ಮೊದಲೇ ನಿಗದಿಯಾಗಿತ್ತು. ಬೇರೆ ಯಾರನ್ನಾದರೂ ಕಳಿಸೋಣ ಎಂದು ಪ್ರಾಂಶುಪಾಲರೇ ಸೂಚಿಸಿದರು. ನನಗೆ ದೇವರು ಕೊಟ್ಟ ಹಾಗಾಯಿತು. ಆದರೆ ಹಿಂದಿನ ದಿನ ಸಲಹೆಗಾರ್ತಿಯ ಫೋನು ಬಂತು.

"ಅಕ್ಕ ಬಂದಿದ್ರು ಮಾತ್ರೆಗೆ. ನಿಮಗೆ ಒಂದು ಮಾತು ತಿಳಿಸ್ಲಿಕ್ಕೆ ಹೇಳಿದ್ದಾರೆ, ಅವರು ಹೇಳಿದ ಹಾಗೇ ಹೇಳ್ತೇನೆ. 'ಊರಿನವರು ಟೀಚರು ಬರ್ತಾರಾ ಇಲ್ವಾ ಅಂತ ನೋಡ್ತಾ ಇದ್ದಾರೆ. ಬರದಿದ್ರೆ, ನೋಡಿ ಓಡಿ ಹೋದಳು ಅಂತ ಹೇಳ್ತಾರೆ. ನಾಳೆ ನನ್ನ ಗುಟ್ಟು ಹೊರಗೆ ಬಿದ್ದ ದಿವಸ ನಾನೂ ಓಡುದೇ ಆಯ್ತಲ್ಲ?'"

ಶಿಬಿರದ ದಿನ ಬೆಳಿಗ್ಗೆ ನಾನು ಎರಡು ಸಲ ವಾಂತಿ ಮಾಡಿದೆ. ಅತ್ತೆ ಲಿಂಬೆ ಶರಬತ್ತು ಮಾಡಿಕೊಟ್ಟು, "ಹೋಗಿ ಬಾ. ಇನ್ನು ಹೋಗುವ ಮರ್ಯಾದೆ ಎಂತ ಉಂಟು?" ಎಂದರು. ಅವರ ಲೆಕ್ಕದಲ್ಲಿ ಅದು ಆಶೀರ್ವಾದ.

ಶಿಬಿರಕ್ಕೆ ಜನ ಬಂದಿದ್ದರು, ನಾನು ಎಣಿಸಿದ್ದಕ್ಕಿಂತ ಹೆಚ್ಚು. ಸಲಹೆಗಾರ್ತಿ ಒಂದು ಕೋಣೆಯಲ್ಲಿ ಕದ ಹಾಕಿ ಒಬ್ಬೊಬ್ಬರ ಹತ್ತಿರ ಮಾತಾಡುತ್ತಿದ್ದರು. ವಿದ್ಯಾರ್ಥಿಗಳು ಸಾಲು ನೋಡಿಕೊಂಡರು. ಸುಳ್ಯದ ಹುಡುಗ ಬಾಯಿಗೆ ಬೀಗ ಹಾಕಿ ಎಲ್ಲರಿಗೂ ಕುರ್ಚಿ ಕೊಡುತ್ತಿದ್ದ. ಜನ ನನ್ನ ಹತ್ತಿರ ಬಾರದೆ, ದೂರವೂ ಹೋಗದೆ ಒಂದು ಅಂತರದಲ್ಲಿ ತಿರುಗುತ್ತಿದ್ದರು.

ಊಟದ ಹೊತ್ತಾಯಿತು. ಜಗಲಿಗೆ ಪಾತ್ರೆಗಳು ಬಂದವು. ಏನು ಮಾಡಬೇಕೆಂದು ನಾನು ಯೋಚಿಸಿ ಬಂದಿರಲಿಲ್ಲ. ಬಂದು ಮೂಲೆಯಲ್ಲಿ ನಿಂತರೆ ಓಡಿಹೋದದ್ದಕ್ಕೂ ಅದಕ್ಕೂ ಏನು ವ್ಯತ್ಯಾಸ? ಹೋಗಿ ಅನ್ನದ ಪಾತ್ರೆಯ ಹಿಂದೆ ನಿಂತು ಸೌಟು ಕೈಗೆತ್ತಿಕೊಂಡೆ. ತಟ್ಟೆ ಹಿಡಿದ ಊರಿನವರ ಸಾಲು ಇದ್ದಲ್ಲೇ ಇತ್ತು, ಮುಂದೆ ಬರಲಿಲ್ಲ. ಮಾಸ್ಟ್ರು ಶಾಲನ್ನು ಸರಿಮಾಡಿಕೊಳ್ಳುತ್ತ ಬೇರೆ ಕಡೆ ನೋಡಿದರು. ಸುಳ್ಯದ ಹುಡುಗ ತಟ್ಟೆ ಹಿಡಿದು ಹೊರಟ. ಬೇಡ ಎಂದು ಕಣ್ಣಿನಲ್ಲೇ ತಡೆದೆ. ನಮ್ಮವರು ಉಂಡರೆ ಅದಕ್ಕೆ ಬೆಲೆಯಿಲ್ಲ. ಅನ್ನದ ಹಬೆ ಮುಖಕ್ಕೆ ಹೊಡೆಯುತ್ತಿತ್ತು. ಅಳು ಬಂದರೆ ಹಬೆ ಎಂದುಕೊಳ್ಳುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ.

ಆಗ ಅಡುಗೆಮನೆಯಿಂದ ಆ ಅಕ್ಕ ಹೊರಗೆ ಬಂದರು. ಕೈ ಒರೆಸಿಕೊಂಡು ರಾಶಿಯಿಂದ ಒಂದು ತಟ್ಟೆ ತೆಗೆದುಕೊಂಡರು. ಇಡೀ ಸಾಲನ್ನು ದಾಟಿ ಬಂದು ನನ್ನ ಎದುರು ನಿಂತು ತಟ್ಟೆ ಚಾಚಿದರು.

"ಬಡಿಸಿ ಟೀಚರೇ. ನನಗೆ ಹಸಿವಾಗ್ತಾ ಉಂಟು."

ಹಿಂದಿನಿಂದ ಯಾರೋ ಹೆಂಗಸು ಉಸಿರೆಳೆದುಕೊಂಡು, "ಅಬ್ಬ! ನಮ್ಮ ಅಕ್ಕನ ಧೈರ್ಯವೇ!" ಎಂದಳು. ಇನ್ನೊಬ್ಬಳು, "ಅವರಿಗೆ ಮಗಳು ಬೇರೆ ಇದ್ದಾಳೆ, ಆದ್ರೂ ನೋಡು" ಎಂದಳು. ಊರಿಗೆ ಊರೇ ಅವರನ್ನು ಮೆಚ್ಚುಗೆಯಿಂದ ನೋಡುತ್ತಿತ್ತು. ನಾನು ಒಂದು ಸೌಟು ಅನ್ನ ಹಾಕಿದೆ, ಅವರು ಅಲ್ಲಿಯೇ ನಿಂತು ಒಂದು ತುತ್ತು ಬಾಯಿಗಿಟ್ಟರು. ಮಾಸ್ಟ್ರು ಕೆಮ್ಮಿ, ಶಾಲನ್ನು ಹೆಗಲಿಗೆ ಎಸೆದು, ತಟ್ಟೆ ಹಿಡಿದು ಅವರ ಹಿಂದೆ ಬಂದು ನಿಂತರು. ಆಮೇಲೆ ಸಾಲು ಅಲುಗಿತು.

ಅಕ್ಕನಿಗೆ ಎರಡನೆಯ ಸೌಟು ಹಾಕುವಾಗ ಅನ್ನ ತಟ್ಟೆಯಿಂದ ಹೊರಗೆ ಬಿತ್ತು. ಅಕ್ಕ ಬಗ್ಗಿ ಆ ಅಗುಳುಗಳನ್ನು ಆರಿಸುವ ಹಾಗೆ ಮಾಡಿ, ನನಗೊಬ್ಬಳಿಗೇ ಕೇಳುವಷ್ಟು ಮೆತ್ತಗೆ ಹೇಳಿದರು:

"ಕೈ ನಡುಗ್ತಾ ಉಂಟು ನಿಮ್ಮದು. ನನಗೆ ಈ ಹೆದರಿಕೆ ಅಭ್ಯಾಸ ಆಗಿದೆ ಟೀಚರೇ. ನಿಮಗೆ ಆಗುದು ಬೇಡ."